ಮೈಕಿಗಿಂತ ಮೊದಲು ಗೋಡೆ

‘ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು, ಯಾವ ಮೈಕ್ ತಗೊಳ್ಳಲಿ?’ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ನಿಮ್ಮ ಮನೆ ಯಾವ ರಸ್ತೆಯಲ್ಲಿದೆ? ಬೆಂಗಳೂರಿನ ಬಸ್ಸು ಓಡಾಡುವ ರಸ್ತೆಯಲ್ಲಿದ್ದುಕೊಂಡು ಕಂಡೆನ್ಸರ್ ಮೈಕ್ ಕೊಂಡಿರೋ, ನಿಮ್ಮ ಭಾವಗೀತೆಯ ಜೊತೆಗೆ ಆಟೊ ಹಾರ್ನು, ಪಕ್ಕದ ಮನೆಯ ಕುಕ್ಕರ್ ಸೀಟಿ, ಎದುರು ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುವ ಸದ್ದು ಎಲ್ಲವೂ ಚೊಕ್ಕವಾಗಿ ದಾಖಲಾಗುತ್ತವೆ. ಕಂಡೆನ್ಸರ್‌ನ ಗುಣವೇ ಅದು, ಅತಿ ಸೂಕ್ಷ್ಮ. ಸದ್ದಿನ ಮನೆಗೆ ಡೈನಮಿಕ್ ಮೈಕೇ ಸರಿ.

‘ಎಸ್‌ಎಂ58 ಅಂದ್ರೆ ಆರ್ಕೆಸ್ಟ್ರಾ ಮೈಕ್ ಅಲ್ವಾ’ ಎಂದು ಮೂಗು ಮುರಿಯುವವರಿದ್ದಾರೆ. ಶ್ಯೂರ್ ಕಂಪನಿಯ ಈ ಡೈನಮಿಕ್ ಮೈಕ್ 1966ರಿಂದ ಮಾರುಕಟ್ಟೆಯಲ್ಲಿದೆ. ಇದರ ಒಡಹುಟ್ಟು ಎಸ್‌ಎಂ57. ಅಂಥ ಎರಡು ಮೈಕ್, ನಾಲ್ಕು ಟ್ರ್ಯಾಕಿನ ಒಂದು ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯ ಮಲಗುವ ಕೋಣೆಯಲ್ಲಿ ಹಾಡಿದ್ದೇ 1982ರ ‘ನೆಬ್ರಾಸ್ಕಾ’ ಆಲ್ಬಂ. ಅಷ್ಟೇಕೆ, 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡದ್ದೂ ಹೋಟೆಲ್ ಕೋಣೆಯಲ್ಲೇ.

ಇನ್ನು ನಿಮ್ಮ ಕೋಣೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ‘ಟ್ರ್‌ರ್’ ಎಂದು ಎಳೆದುಕೊಂಡು ಹೋದರೆ, ಗ್ರಾನೈಟ್ ನೆಲ ಮತ್ತು ಬೋಳು ಗೋಡೆ ಅದನ್ನು ಚೆಂಡಾಡುತ್ತಿವೆ ಎಂದರ್ಥ. ಎಷ್ಟೇ ದುಬಾರಿ ಮೈಕ್ ತಂದರೂ ಹಾಡು ಬಚ್ಚಲುಮನೆಯಲ್ಲಿ ಹಾಡಿದಂತೆಯೇ ಕೇಳುತ್ತದೆ. ನೆಲಕ್ಕೆ ಜಮಖಾನ ಹಾಸಿ. ಅಜ್ಜಿ ಹೊಲಿದ ದಪ್ಪ ಕೌದಿ ಇದ್ದರೆ ಹೊರಗೆ ತೆಗೆಯಿರಿ. ಅದನ್ನು ಮೈಕಿನ ಹಿಂದೆಯಲ್ಲ, ಹಾಡುವವರ ಬೆನ್ನ ಹಿಂದೆ ತೂಗುಹಾಕಬೇಕು. ಈ ಮೈಕುಗಳ ಕಿವಿ ಇರುವುದು ಮುಂದಕ್ಕೆ. ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಮರಳಿ ಬರುವ ದನಿ ನೇರ ಅದರೊಳಕ್ಕೇ ಹೋಗುತ್ತದೆ. ಕೌದಿ ಇಲ್ಲವೇ? ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಹಾಕಿ ನಿಲ್ಲಿ. ಇದ್ಯಾವುದೂ ಬೀದಿಯ ಗದ್ದಲವನ್ನು ತಡೆಯುವುದಿಲ್ಲ, ಕೋಣೆಯ ಪ್ರತಿಧ್ವನಿಯನ್ನಷ್ಟೇ ನುಂಗುತ್ತದೆ. ಮೊಟ್ಟೆಯ ಟ್ರೇ ಅಂಟಿಸಿದರೆ ಎರಡಕ್ಕೂ ಉಪಯೋಗವಿಲ್ಲ, ಜಿರಲೆಗೆ ಮನೆಯಾಯಿತು ಅಷ್ಟೆ. ಗದ್ದಲಕ್ಕೆ ಮದ್ದು ಬೆಳಗಿನ ಜಾವ. ಫ್ಯಾನು ಆರಿಸಿ, ಫ್ರಿಜ್ಜನ್ನೂ ಒಂದರ್ಧ ಗಂಟೆ ಸುಮ್ಮನಾಗಿಸಿ.

ಮೈಕಿನಿಂದ ಒಂದು ಗೇಣು ದೂರ, ತುಸು ಓರೆಯಾಗಿ ನಿಂತು ಹಾಡಿ. ‘ಪ’, ‘ಭ’ಗಳ ಉಸಿರು ನೇರ ಬಡಿದು ‘ಢಬ್’ ಎನ್ನುವುದು ತಪ್ಪುತ್ತದೆ.

ಮೈಕಿಗೂ ಕಂಪ್ಯೂಟರಿಗೂ ನಡುವೆ ಒಂದು ಆಡಿಯೊ ಇಂಟರ್‌ಫೇಸ್ ಬೇಕು. ಒಬ್ಬರೇ ಹಾಡುವುದಾದರೆ ಒಂದು ಮೈಕಿನದು ಸಾಕು. 48 ವೋಲ್ಟ್‌ನ ಗುಂಡಿ ಕಂಡೆನ್ಸರ್‌ಗೆ ಮಾತ್ರ, ಒತ್ತಬೇಡಿ. ಡೈರೆಕ್ಟ್ ಮಾನಿಟರ್ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ದನಿ ಕಂಪ್ಯೂಟರ್ ಸುತ್ತಿ ತಡವಾಗಿ ಕಿವಿಗೆ ಬಂದು ತಾಳವೇ ಕೆಡುತ್ತದೆ. ತಂತ್ರಾಂಶಕ್ಕೆ ಉಚಿತ ಅಡಾಸಿಟಿಯಿಂದ ಶುರುಮಾಡಿ, ಪಳಗಿದ ಮೇಲೆ ರೀಪರ್‌ಗೆ ಹೋಗಿ. 24 ಬಿಟ್‌ನಲ್ಲಿ ಮುದ್ರಿಸುವಾಗ ದನಿ ಮೀಟರಿನ ಕೆಂಪು ಮುಟ್ಟಲೇಬೇಕಿಲ್ಲ. ತಾರಸ್ಥಾಯಿಯಲ್ಲೂ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಆಯಿತು. ‘ಗುಂಯ್’ ಎಂಬ ಹಮ್ ಕೇಳಿದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಅನೇಕ ಸಲ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಸಂಗೀತದವರಿಗೆ ಮಾತ್ರ ಇನ್ನೊಂದು ಮಾತು. ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಹಾಡಬೇಡಿ. ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಮೊದಲೇ ಮುದ್ರಿಸಿ, ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಿ. ಆಗ ತಪ್ಪಿದ ಒಂದು ಸಾಲನ್ನಷ್ಟೇ ಮತ್ತೆ ಹಾಡಿ ಸೇರಿಸಬಹುದು. ತಂಬೂರಿಯ ನಾದ ಎಲ್ಲೂ ತುಂಡಾಗುವುದಿಲ್ಲ.

ಲ್ಯಾಪ್‌ಟಾಪ್ ಇದ್ದವರಿಗೆ ಇಷ್ಟೆಲ್ಲ ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಕೈಯಲ್ಲಿ ಇನ್ನೂ ದುಡ್ಡು ಉಳಿದರೆ ಸ್ಪೀಕರ್ ಅಂಗಡಿಗೆ ಓಡಬೇಡಿ. ಒಳ್ಳೆಯ ತಬಲಾ ವಾದಕರೊಬ್ಬರನ್ನು ಕರೆಸಿ, ಸಂಭಾವನೆ ಕೊಟ್ಟು ನುಡಿಸಿಕೊಳ್ಳಿ.