ಗಾಲಿಕುರ್ಚಿಯೂ ನಂದಾದೀಪದ ಎಣ್ಣೆಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನವನ್ನು ಅರಿಯದ ಶ್ರಾವಕರ ಮನೆಯಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ದಾನದ ತಾರತಮ್ಯಕ್ಕೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕು ಕಾರಣಗಳನ್ನು ಹೇಳಿದ್ದಾರೆ. ವಿಕಲಚೇತನರ ಪುನರ್ವಸತಿಗೆಂದು ಇಂದು ಸಲ್ಲುವ ಧನವನ್ನು ಈ ಒರೆಗಲ್ಲಿಗೆ ಹಚ್ಚಿದರೆ, ದ್ರವ್ಯದ ಕೊರತೆಗಿಂತ ವಿಧಿಯ ಲೋಪವೇ ಎದ್ದು ಕಾಣುತ್ತದೆ.

ಕುಂದಾಪುರ ಹಾಗೂ 2018ರಲ್ಲಿ ಪ್ರತ್ಯೇಕ ತಾಲೂಕುಗಳಾದ ಬೈಂದೂರು, ಬ್ರಹ್ಮಾವರಗಳನ್ನೇ ನೋಡಬಹುದು. ಕಡಲಿನಿಂದ ಘಟ್ಟದ ಬುಡದವರೆಗಿನ ಈ ಸೀಮೆಯಲ್ಲಿ ಮನೆಗಳು ತೋಟ-ಗದ್ದೆಗಳ ನಡುವೆ ಚದರಿವೆ. ಮುರಕಲ್ಲಿನ ಏರು, ಗದ್ದೆಯ ಅಂಚು, ಮಳೆಗಾಲದಲ್ಲಿ ತೋಡಿನ ಮೇಲಿನ ಕಾಲುಸಂಕ, ಇವೇ ಅನೇಕರಿಗೆ ದಾರಿ. ಬೈಂದೂರಿನಿಂದ ಜಿಲ್ಲಾ ಕೇಂದ್ರ ಉಡುಪಿಗೆ ಸುಮಾರು 70 ಕಿಲೋಮೀಟರ್. ಎಂಡೋಸಲ್ಫಾನ್ ಬಾಧಿತ ಕುಟುಂಬಗಳೂ ಈ ಭಾಗದಲ್ಲಿವೆ. ಆ ವಿಷವನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿತು. ಹಾಸಿಗೆ ಹಿಡಿದ ಮಕ್ಕಳ ಆರೈಕೆ ಮಾತ್ರ ಇನ್ನೂ ಮುಗಿದಿಲ್ಲ.

ಇಂತಹ ಸೀಮೆಗೆ ದಾನವು ಹೆಚ್ಚಾಗಿ ವೇದಿಕೆ, ಶಾಲು, ಛಾಯಾಚಿತ್ರ ಮತ್ತು ಸಾಲಾಗಿ ನಿಲ್ಲಿಸಿದ ಗಾಲಿಕುರ್ಚಿಗಳ ರೂಪದಲ್ಲಿ ಬರುತ್ತದೆ. ಗಾಲಿಕುರ್ಚಿ ಕಾಲುಸಂಕವನ್ನು ದಾಟಲಾರದು. ದೇಹದ ಅಳತೆಗೆ ಹೊಂದದ ಆಸನದಿಂದ ಒತ್ತುಹುಣ್ಣಾಗುತ್ತದೆ. ಬೆಳೆಯುವ ಮಗುವಿಗೆ ಕಟ್ಟಿದ ಕ್ಯಾಲಿಪರ್ ಕೆಲಕಾಲದಲ್ಲೇ ಗಿಡ್ಡವಾಗುತ್ತದೆ. ಅಳತೆ ತೆಗೆಯುವವರು, ದುರಸ್ತಿ ಮಾಡುವವರು, ಮನೆಗೇ ಹೋಗಿ ಕೈಕಾಲುಗಳಿಗೆ ವ್ಯಾಯಾಮ ಕಲಿಸುವವರು ಇಲ್ಲದಿದ್ದರೆ ಸಾಧನವು ಅಟ್ಟ ಸೇರುವುದು ನಿಶ್ಚಯ. ಆದರೆ ಕಟ್ಟಡಕ್ಕೆ ದಾನಿಯ ಹೆಸರಿನ ಶಿಲಾಫಲಕವುಂಟು. ಫಿಸಿಯೋಥೆರಪಿಸ್ಟರ ಸಂಬಳಕ್ಕೆ ಫಲಕವಿಲ್ಲ. ಬಂಡವಾಳ ವೆಚ್ಚಕ್ಕೆ ಮುಂದಾಗುವ ಕೈ ವರ್ಷವರ್ಷದ ನಿರ್ವಹಣಾ ವೆಚ್ಚಕ್ಕೆ ಹಿಂಜರಿಯುತ್ತದೆ.

ಸರ್ಕಾರವಿಲ್ಲವೇ ಎಂದು ಕೇಳುವವರುಂಟು. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರು ಮಾಸಾಶನ, ಗುರುತಿನ ಚೀಟಿಗಳಿಗೆ ನೆರವಾಗಬಲ್ಲರು. ಚಿಕಿತ್ಸಕರ ಸ್ಥಾನವನ್ನು ತುಂಬಲಾರರು. ಕಾಯಿದೆಯಿಂದ ಹಕ್ಕು ದೊರೆಯುತ್ತದೆ. ನಿತ್ಯದ ಆರೈಕೆಗೆ ಕೈಗಳು ಬೇಕು.

ಸರಿಯಾದ ವಿಧಿಗೆ ನಿದರ್ಶನ ದೂರದಲ್ಲಿದ್ದರೂ ಪರಕೀಯವಲ್ಲ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ, 1975ರಲ್ಲಿ, ಶ್ರೀ ಡಿ. ಆರ್. ಮೆಹತಾ ಅವರು ಜೈಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರೂಪಿಸಿದ್ದ ಜೈಪುರ ಪಾದವನ್ನು ಅದು ಉಚಿತವಾಗಿ ನೀಡುತ್ತದೆ. ಈ ಪಾದ ಧರಿಸಿದವರು ಬರಿಗಾಲಿನವರಂತೆ ಕೆಸರುಗದ್ದೆಯಲ್ಲಿ ನಡೆಯಬಲ್ಲರು. ಅಲ್ಲಿ ದಾನದ ಹಣ ಸಾಮಗ್ರಿಗಷ್ಟೇ ಮುಗಿಯದೆ, ಪ್ರತಿಯೊಬ್ಬರ ಅಳತೆಗೆ ಪಾದವನ್ನು ಹೊಂದಿಸುವ ಕುಶಲಕರ್ಮಿಯ ದುಡಿಮೆಗೂ ಸಲ್ಲುತ್ತದೆ.

ಈ ತತ್ತ್ವ ನಮ್ಮ ಹಿರಿಯರಿಗೆ ಹೊಸದಲ್ಲ. ಬಸದಿ ಕಟ್ಟಿಸಿದವರು ನಂದಾದೀಪದ ಎಣ್ಣೆಗೂ ಆಹಾರದಾನಕ್ಕೂ ಜೀರ್ಣೋದ್ಧಾರಕ್ಕೂ ಭೂಮಿ ಬಿಟ್ಟುದನ್ನು ಶಾಸನಗಳು ಸಾರುತ್ತವೆ. ಆ ಧಾರೆ ಬತ್ತಿದರೆ ಏನಾಗುವುದೆಂಬುದಕ್ಕೆ ಬ್ರಹ್ಮಾವರ ತಾಲೂಕಿನ ಬಾರ್ಕೂರಿನ ಕತ್ತಲೆ ಬಸದಿ ಸಾಕ್ಷಿ: ಕಲ್ಲು ಉಳಿದಿದೆ, ನಿತ್ಯಪೂಜೆ ಉಳಿದಿಲ್ಲ. ಇಂದಿನ ಶಾಶ್ವತ ಪೂಜಾ ನಿಧಿಯ ಮರ್ಮವೂ ಇದೇ: ಮೂಲಧನ ಕರಗದು, ಬಡ್ಡಿಯಿಂದ ಸೇವೆ ನಡೆಯುವುದು. ಅದೇ ಕ್ರಮವನ್ನು ಇಲ್ಲಿಗೂ ಅನ್ವಯಿಸಬಹುದು. ಒಬ್ಬ ಚಿಕಿತ್ಸಕರಿಗೆ ತಿಂಗಳಿಗೆ 25,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 3 ಲಕ್ಷ. ಶೇಕಡಾ 6ರ ಬಡ್ಡಿಗೆ 50 ಲಕ್ಷದ ಮೂಲಧನ ಬೇಕು. 100 ಕುಟುಂಬಗಳು ತಲಾ 50,000 ಕೊಟ್ಟರೆ ಅದು ಕೂಡುತ್ತದೆ. ದೇವದ್ರವ್ಯವನ್ನು ಮುಟ್ಟಬೇಕಿಲ್ಲ, ನಿಧಿ ಬೇರೆ, ಲೆಕ್ಕ ಬೇರೆ, ಲೆಕ್ಕಪರಿಶೋಧನೆಯೂ ಬೇರೆ ಇರಲಿ.

ಬುದ್ಧಿಮಾಂದ್ಯ ಮಗುವನ್ನು ಸಾಕುತ್ತಿರುವ ತಾಯಿಯನ್ನು ಕಾಡುವುದು ಒಂದೇ ಪ್ರಶ್ನೆ: ತನ್ನ ಕಾಲಾನಂತರ ಯಾರು? 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಅಂತಹವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಆದರೆ ಪೋಷಕರ ಬೆನ್ನಿಗೆ ನಿಲ್ಲುವ ಆರೈಕೆಯ ಮನೆ ಸಮಾಜದಿಂದಲೇ ಬರಬೇಕು. ಆ ತಾಯಿಯ ಭಯವನ್ನು ಕಳೆಯುವುದೇ ಅಭಯದಾನ. ಗಾಲಿಕುರ್ಚಿಯ ವಿತರಣೆ ಒಂದು ದಿನದ ಸಮಾರಂಭ. ಅಭಯವಾದರೋ ಪ್ರತಿದಿನವೂ ಎಣ್ಣೆ ಬೇಡುವ ದೀಪ.