ಜಿಂಕೆಯ ಹೊಲದಲ್ಲಿ ಅವರೆ

ಅಮೆರಿಕದ ಬಿಳಿಬಾಲದ ಜಿಂಕೆಗೆ ಮೇವಿನ ಹೊಲ ಹಾಕುವವರು ಬೀಜಕ್ಕೂ ಮೊದಲು ನೋಡಬೇಕಾದದ್ದು ಪಂಚಾಂಗ. ಈ ಜಿಂಕೆ ದನದಂತೆ ಹುಲ್ಲು ಬಾಚಿ ಮೇಯುವುದಿಲ್ಲ. ಮೂತಿ ಕಿರಿದು, ಮೆಲುಕಿನ ಹೊಟ್ಟೆ ಚಿಕ್ಕದು; ಹಾಗಾಗಿ ಚಿಗುರು, ಅಗಲ ಎಲೆ, ಓಕ್ ಕಾಯಿಗಳನ್ನು ಆರಿಸಿ ತಿನ್ನುತ್ತದೆ. ಕಾಡಿನ ಎಲೆ ಬಲಿತು ನಾರಾಗುವ ಬೇಸಿಗೆಯ ಕೊನೆ, ಉದುರಿದ ಕಾಯಿಗಳೂ ಮುಗಿದ ಚಳಿಗಾಲದ ಕೊನೆ: ಮೇವು ಸೊರಗುವುದು ಈ ಎರಡು ಹೊತ್ತಿನಲ್ಲಿ. ಹೊಲ ತುಂಬಬೇಕಾದ ತೆರಪು ಇಷ್ಟೇ.

ಚಳಿಗಾಲಕ್ಕೆ ಓಟ್ಸ್, ಗೋಧಿ, ರೈ. ಓಟ್ಸ್ ಜಿಂಕೆಗೆ ಬಲು ಇಷ್ಟ, ಆದರೆ ಕಡುಚಳಿಗೆ ಸಾಯುತ್ತದೆ. ರೈ ಚಳಿಯನ್ನೂ ಹುಳಿಮಣ್ಣನ್ನೂ ತಾಳುತ್ತದೆ. ಟರ್ನಿಪ್, ಮೂಲಂಗಿಯ ಸೊಪ್ಪು ಹಿಮ ಬಿದ್ದ ಮೇಲೆ ಸಿಹಿಯಾಗುತ್ತದೆ. ಅಲ್ಲಿಯವರೆಗೆ ಜಿಂಕೆ ಅದನ್ನು ಮೂಸಿ ಮುಂದೆ ಹೋಗುವುದೂ ಉಂಟು. ಬಿಳಿ ಕ್ಲೋವರ್ ಒಮ್ಮೆ ನೆಲೆಯೂರಿದರೆ 3–5 ವರ್ಷ ಬಾಳುತ್ತದೆ. ಮಣ್ಣಿನ ರಸಸಾರ 6ರಿಂದ 7ರೊಳಗೆ ಇರಬೇಕು. ಮಣ್ಣು ಹುಳಿಯಾಗಿದ್ದರೆ ಗೊಬ್ಬರಕ್ಕೂ ಮೊದಲು ಸುಣ್ಣ.

ದೊಡ್ಡ ಕೊಂಬಿನ ಚಿತ್ರ ಅಚ್ಚಾದ ಮಿಶ್ರ ಬೀಜದ ಚೀಲಗಳಿಗೆ ಈ ಲೆಕ್ಕಾಚಾರ ಬೇಕಿಲ್ಲ. ಚೀಲದ ಹಿಂದಿನ ಚೀಟಿ ಓದಿದರೆ ಎಷ್ಟೋ ಸಲ ಅಗ್ಗದ ರೈಗ್ರಾಸ್ ಹೆಸರು ಕಾಣುತ್ತದೆ. ಅದು ಬೇಗ ಹಸಿರಾಗಿ ಕೊಂಡವರ ಕಣ್ಣು ತುಂಬುತ್ತದೆ. ಜಿಂಕೆಯ ಹೊಟ್ಟೆಯ ಮಾತು ಬೇರೆ.

ಬೇಸಿಗೆಯ ತೆರಪಿಗೆ ಸೋಯಾ, ಅಲಸಂದೆ, ಅವರೆ. ಅಮೆರಿಕದ ದಕ್ಷಿಣ ರಾಜ್ಯಗಳ ಬೇಟೆಗಾರರು 'ಲ್ಯಾಬ್‌ಲ್ಯಾಬ್' ಎಂದು ಕೊಳ್ಳುವುದು ಅವರೆಯನ್ನೇ. ಕನ್ನಡ ನಾಡಿನ ಸಾಂಪ್ರದಾಯಿಕ ಅವರೆ ಹಗಲು ಕಿರಿದಾದಾಗಷ್ಟೇ ಹೂ ಬಿಡುತ್ತದೆ. ಆ ಕಟ್ಟಳೆ ಮುರಿಯಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳನ್ನು ರೂಪಿಸಿತು. ಇವು ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕಚ್ಚುತ್ತವೆ. ಜಿಂಕೆಯ ಹೊಲದಲ್ಲಿ ಇದೇ ಗುಣ ದೋಷ. ಅಲ್ಲಿ ಬೇಕಾದದ್ದು ಕಾಯಲ್ಲ, ಸೊಪ್ಪು. ಕೀನ್ಯಾ ಮೂಲದ 'ರೊಂಗಾಯ್' ತಳಿ ತಡವಾಗಿ ಹೂ ಬಿಡುವುದರಿಂದ ಬೇಸಿಗೆಯಿಡೀ ಎಲೆ ಎಬ್ಬಿಸುತ್ತದೆ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಎಂಬ ಮಾತು ಮಾತ್ರ ಅಲ್ಲಿ ಸಲ್ಲದು; ಮೊದಲ ಹಿಮಕ್ಕೇ ಬಳ್ಳಿ ಕಪ್ಪಾಗುತ್ತದೆ. ಇನ್ನೊಂದು ತೊಡಕು, ಅದರ ರುಚಿಯೇ. ಹೊಲ ಒಂದೆರಡು ಎಕರೆಗಿಂತ ಕಿರಿದಾದರೆ ಜಿಂಕೆಗಳು ಮೊಳಕೆಯಲ್ಲೇ ಮೇಯ್ದು ಮುಗಿಸುತ್ತವೆ. ಬಳ್ಳಿ ಹಬ್ಬುವ ತನಕ ವಿದ್ಯುತ್ ಬೇಲಿ ಬೇಕು.

ಬಿತ್ತನೆಯೇ ಎಲ್ಲವೂ ಅಲ್ಲ. ಆಲ್ಡೊ ಲಿಯೊಪೋಲ್ಡ್ 1933ರ ತಮ್ಮ 'ಗೇಮ್ ಮ್ಯಾನೇಜ್‌ಮೆಂಟ್' ಗ್ರಂಥದಲ್ಲಿ ವನ್ಯಜೀವಿ ನಿರ್ವಹಣೆಗೆ ಐದು ಹತ್ಯಾರುಗಳನ್ನು ಹೆಸರಿಸುವಾಗ ನೇಗಿಲಿಗೂ ಮುಂಚೆ ಕೊಡಲಿಯನ್ನು ಇಟ್ಟರು. ಒತ್ತಾದ ಮರಗಳನ್ನು ಅಲ್ಲಲ್ಲಿ ಕಡಿದು ನೆಲಕ್ಕೆ ಬಿಸಿಲು ಬಿಟ್ಟರೆ ಬಿತ್ತದೆಯೇ ಚಿಗುರು ಏಳುತ್ತದೆ.

ಹೊಲ ಕೆಲಸಕ್ಕೆ ಬಂತೋ ಇಲ್ಲವೋ ತಿಳಿಯಲು ಮೊಳಕೆಯ ಕಾಲಕ್ಕೇ ನಡುವೆ ಒಂದು ತಂತಿಯ ಪಂಜರ ನೆಟ್ಟರೆ ಸಾಕು. ಒಳಗಿನ ಬೆಳೆ ಮೊಣಕಾಲೆತ್ತರ, ಹೊರಗಿನದು ಗೇಣುದ್ದ ಎಂದರೆ ಜಿಂಕೆ ಬಂದು ಮೇಯ್ದಿದೆ. ಎರಡೂ ಸಮವಾಗಿದ್ದರೆ, ಅದಕ್ಕೆ ಬೇಕಾದದ್ದು ಕಾಡಿನಲ್ಲೇ ಸಿಗುತ್ತಿದೆ, ಅಥವಾ ಬಿತ್ತಿದ್ದು ಅದಕ್ಕೆ ಬೇಡವಾಗಿದೆ.