ಕೂಟಲೇಖ: ಪತ್ರಿಕೆಯ ಮಾತು, ದಲಿತ ನಾಯಕರ ಪ್ರಶ್ನೆ ಮತ್ತು ನಾವು

ಅಹಿಂಸೆಯೆಂದೊಡನೆ ನಮ್ಮ ಶ್ರಾವಕ ಕುಟುಂಬಗಳಿಗೆ ನೆನಪಾಗುವುದು ಸೋಸಿದ ನೀರು, ರಾತ್ರಿಭೋಜನ ತ್ಯಾಗ, ಕಂದಮೂಲ ವರ್ಜನೆ. ಇವೆಲ್ಲ ಉಚಿತವೇ. ಆದರೆ ನಾಲಗೆಯಿಂದಲೂ ಲೇಖನಿಯಿಂದಲೂ ನಡೆಯುವ ಹಿಂಸೆಯ ವಿಚಾರದಲ್ಲಿ ನಾವು ಅಷ್ಟೇ ಎಚ್ಚರ ವಹಿಸಿದ್ದೇವೆಯೇ? ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯೂ ಒಂದು. ವ್ಯಾಪಾರಿಗಳಾದ ನಾವು ಅದನ್ನು ಸುಳ್ಳು ಲೆಕ್ಕ, ಸುಳ್ಳು ಪತ್ರ ಎಂದಷ್ಟೇ ಅರ್ಥೈಸಿಕೊಂಡು ಬಂದಿದ್ದೇವೆ. ಮುದ್ರಣಯಂತ್ರ ಬಂದ ಮೇಲೆ ಈ ಅತಿಚಾರದ ವ್ಯಾಪ್ತಿ ಹಿಗ್ಗಿತು. ಸುಳ್ಳು ಖಾತೆ ಒಬ್ಬ ಸಾಲಗಾರನನ್ನು ಕೆಡಿಸೀತು. ಅರೆಸತ್ಯದ ಶೀರ್ಷಿಕೆ ಒಂದು ಜನಸಮುದಾಯದ ಮಾನವನ್ನೇ ಕಳೆದೀತು.

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ನಮ್ಮ ನೆರೆಯ ಭದ್ರಾವತಿಯನ್ನು ನಾವು ಕಬ್ಬಿಣದ ಊರು, ಕಾಗದದ ಊರು ಎಂದು ಬಲ್ಲೆವು. ಈಗ ಸ್ತಬ್ಧವಾಗಿರುವ ಅಲ್ಲಿನ ಕಾಗದದ ಕಾರ್ಖಾನೆ ಒಂದು ಕಾಲದಲ್ಲಿ ನಾಡಿನ ದಿನಪತ್ರಿಕೆಗಳಿಗೆ ಕಾಗದ ಒದಗಿಸುತ್ತಿತ್ತು. ಅದೇ ಊರಿನ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದವರು ಪ್ರೊ. ಬಿ. ಕೃಷ್ಣಪ್ಪನವರು (1938–1997). ಕಾಗದ ಯಾರದಾದರೂ ಆಗಲಿ, ಅದರ ಮೇಲೆ ಬರೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಕರ್ನಾಟಕದ ಮುಂದಿಟ್ಟ ದಲಿತ ಸಂಘರ್ಷ ಸಮಿತಿಯ ಸ್ಥಾಪಕರಲ್ಲಿ ಅವರು ಅಗ್ರಗಣ್ಯರು.

ಈ ಚಳವಳಿಗೆ ಕಾವು ಕೊಟ್ಟದ್ದು 1973ರ ಬೂಸಾ ಪ್ರಕರಣ. ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತನ್ನಾಡಿದರು. ಮಾತು ಕಟುವಾಗಿತ್ತು, ನಿಜ. ಆದರೆ ನಾಡಿನಲ್ಲಿ ಹರಡಿದ್ದು ಅವರ ವಿಚಾರವಲ್ಲ, ಆ ಒಂದು ಪದ. ಮುಷ್ಕರಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಸಚಿವರು ರಾಜೀನಾಮೆ ಕೊಡಬೇಕಾಯಿತು. ನಾನಾಗ ಶಾಲಾ ಬಾಲಕ. ಶಿವಮೊಗ್ಗದ ಗಾಂಧಿಬಜಾರಿನಲ್ಲಿದ್ದ ನಮ್ಮ ತಂದೆಯವರ ಅಂಗಡಿಯಲ್ಲಿ ಹಿಂಡಿ, ಬೂಸಾ ಮಾರಾಟವಿತ್ತು. ಗಿರಾಕಿಗಳು ಆ ಪದವನ್ನು ಹೇಳಿ ನಗುತ್ತಿದ್ದುದು ನೆನಪಿದೆ. ಕಾಳಿನ ಸಾರವನ್ನು ಒಬ್ಬರು ಉಂಡು, ಉಳಿದ ಹೊಟ್ಟನ್ನು ಇನ್ನೊಬ್ಬರ ಮುಂದೆ ಸುರಿದರೆ, ಹಾಗೆ ಸುರಿಸಿಕೊಂಡವನ ದೂರು ಏನಿದ್ದೀತೆಂದು ಅಂದು ಅಲ್ಲಿ ಯಾರೂ ಕೇಳಲಿಲ್ಲ.

ವಸ್ತುವಿನ ಒಂದು ಮುಖವನ್ನು ಗ್ರಹಿಸುವುದು ನಯ; ಉಳಿದ ಮುಖಗಳನ್ನು ಅಲ್ಲಗಳೆದರೆ ಅದು ದುರ್ನಯ. ಪದವನ್ನು ಉಳಿಸಿಕೊಂಡು ಪ್ರಶ್ನೆಯನ್ನು ಕೈಬಿಡುವ ವರದಿಗಾರಿಕೆ ದುರ್ನಯದ ಮಾದರಿಯೇ ಸರಿ. ಮನುಷ್ಯನ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದ ಸಚಿವರೂ ಇದೇ ಬಸವಲಿಂಗಪ್ಪನವರು. ಆ ಕಾರ್ಯವನ್ನು ಸ್ಮರಿಸುವವರು ಎಷ್ಟು ಮಂದಿ, ಬೂಸಾ ಪದವನ್ನು ಸ್ಮರಿಸುವವರು ಎಷ್ಟು ಮಂದಿ ಎಂಬುದನ್ನು ಓದುಗರೇ ಲೆಕ್ಕ ಹಾಕಲಿ.

ಎರಡನೆಯ ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. 1979ರಲ್ಲಿ 51ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯಲ್ಲಿ ಧರ್ಮಸ್ಥಳದಲ್ಲಿ ನಡೆಯಿತು. ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಇರಬೇಕೆಂಬ ಬೇಡಿಕೆಯನ್ನು ಪರಿಷತ್ತು ಒಪ್ಪಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಲೇಖಕರು ಬೇರೆಯಾಗಿ ಸೇರಿ ಬಂಡಾಯ ಸಾಹಿತ್ಯ ಸಂಘಟನೆಯನ್ನು ಕಟ್ಟಿದರು. ಸಾಹಿತ್ಯ ಒಂದೇ, ಅದರಲ್ಲಿ ಭೇದವೇಕೆ ಎಂಬ ವಾದ ಕೇಳಲು ಹಿತವಾಗಿದೆ. ಆದರೆ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ‘ಜೈನ ಸಾಹಿತ್ಯ’ವೆಂಬ ಅಧ್ಯಾಯವಿರುವುದನ್ನು ನಾವು ಎಂದಾದರೂ ಆಕ್ಷೇಪಿಸಿದ್ದೇವೆಯೇ? ಪಂಪ, ಪೊನ್ನ, ರನ್ನರ ಹೆಸರಿನಲ್ಲಿ ಪ್ರತ್ಯೇಕ ಗೋಷ್ಠಿಗಳನ್ನು ಹೆಮ್ಮೆಯಿಂದ ನಡೆಸುವ ನಮಗೆ, ಇನ್ನೊಬ್ಬರು ಅದನ್ನೇ ಬೇಡಿದಾಗ ಅದು ಒಡಕಾಗಿ ಕಾಣುವುದು ನ್ಯಾಯವಲ್ಲ.

ಮೂರನೆಯದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಪ್ರಕರಣ. ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ದಲಿತ ಸಂಘರ್ಷ ಸಮಿತಿಯವರು ವಿರೋಧಿಸಿದರು. 1986ರ ಮಾರ್ಚಿನಲ್ಲಿ ಉದ್ರಿಕ್ತ ಗುಂಪು ಕಾರ್ಯಕರ್ತರನ್ನೂ ಪೊಲೀಸರನ್ನೂ ಥಳಿಸಿ, ವಿವಸ್ತ್ರಗೊಳಿಸಿ ನಡೆಸಿತು. ಸುದ್ದಿ ದೇಶಾದ್ಯಂತ ಹಬ್ಬಿತು. ಮುಂದೆ ಆ ಸೇವೆಗೆ ನಿಷೇಧವೂ ಬಂದಿತು. ಪತ್ರಿಕೆಗಳು ವರದಿ ಮಾಡದಿದ್ದರೆ ಸರ್ಕಾರ ಎಚ್ಚರಗೊಳ್ಳುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಬಡ ಹೆಣ್ಣುಮಗಳ ಬೆತ್ತಲೆ ದೇಹ ಚಿತ್ರವಾಗಿ ಕೈಯಿಂದ ಕೈಗೆ ಸಾಗಿದಾಗ, ನೋಡಿದವರಲ್ಲಿ ಹುಟ್ಟಿದ್ದು ಕರುಣೆಯೋ ಕುತೂಹಲವೋ? ಅಂಗಡಿ ಕಟ್ಟೆಯ ಮೇಲೆ ಕುಳಿತು ಅಂದು ಪತ್ರಿಕೆ ಬಿಚ್ಚಿದವರಲ್ಲಿ ನಾನೂ ಒಬ್ಬ. ಆ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲವೆಂದು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ದಿಗಂಬರ ಪರಂಪರೆಯವರಾದ ನಮ್ಮಲ್ಲಿ ಇಲ್ಲೊಂದು ಸಂಶಯ ಏಳಬಹುದು. ನಗ್ನತೆಯನ್ನು ಖಂಡಿಸಿದರೆ ನಮ್ಮ ಮುನಿಗಳನ್ನೂ ಖಂಡಿಸಿದಂತಾಗುವುದಿಲ್ಲವೇ? ಆಗುವುದಿಲ್ಲ. ಮುನಿಗಳದು ಸರ್ವಪರಿಗ್ರಹವನ್ನೂ ವಿವೇಕಪೂರ್ವಕವಾಗಿ ತ್ಯಜಿಸಿದ ಸ್ಥಿತಿ. ಚಂದ್ರಗುತ್ತಿಯ ಬಡ ಹೆಂಗಸರದು ಭಯ, ಹರಕೆ, ರೂಢಿಗಳು ಹೇರಿದ ಸ್ಥಿತಿ. ಸ್ವೇಚ್ಛೆಯಿಂದ ಬಿಟ್ಟದ್ದು ತ್ಯಾಗ. ಬಲವಂತದಿಂದ ಕಳೆದುಕೊಂಡದ್ದು ಅಪಹರಣ. ಈ ಭೇದವನ್ನು ಲೋಕಕ್ಕೆ ತಿಳಿಹೇಳಲು ನಮಗಿಂತ ಅರ್ಹರು ಬೇರೆ ಯಾರಿದ್ದರು? ಆದರೂ ನಾವು ಮೌನವಾಗಿದ್ದೆವು.

ಮುದ್ರಿತ ಮಾತಿನ ತಾರತಮ್ಯವನ್ನು ಎದುರಿಸಿದವರು ನಮ್ಮ ನಾಡಿನವರು ಮಾತ್ರವಲ್ಲ. ಅಮೆರಿಕದಲ್ಲಿ 1915ರಲ್ಲಿ ‘ದ ಬರ್ತ್ ಆಫ್ ಎ ನೇಷನ್’ ಚಲನಚಿತ್ರ ಕರಿಯರನ್ನು ಕ್ರೂರಿಗಳಂತೆ ಚಿತ್ರಿಸಿದಾಗ, 1909ರಲ್ಲಿ ಸ್ಥಾಪನೆಗೊಂಡಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆ ಊರೂರಿನಲ್ಲಿ ಪ್ರತಿಭಟಿಸಿತು. ಅದರ ‘ದ ಕ್ರೈಸಿಸ್’ ಪತ್ರಿಕೆಯನ್ನು ಡಬ್ಲ್ಯು.ಇ.ಬಿ. ಡುಬಾಯ್ಸ್ 1910ರಿಂದಲೇ ನಡೆಸುತ್ತಿದ್ದರು. ನಮ್ಮ ದೇಶದಲ್ಲಿ ಡಾ. ಅಂಬೇಡ್ಕರರು 1920ರ ಜನವರಿ 31ರಂದು ‘ಮೂಕನಾಯಕ’ವನ್ನು ಆರಂಭಿಸಿದರು. ಅದರ ಜಾಹೀರಾತನ್ನು ಹಣ ಕೊಡುತ್ತೇವೆಂದರೂ ‘ಕೇಸರಿ’ ಪತ್ರಿಕೆ ಪ್ರಕಟಿಸಲಿಲ್ಲ. ಬಂದ ಹಣವನ್ನೂ ಬೇಡವೆನ್ನಿಸುವ ತಿರಸ್ಕಾರ ಎಷ್ಟು ಆಳದ್ದೆಂಬುದನ್ನು ವ್ಯಾಪಾರಿಗಳಾದ ನಾವು ಬೇಗ ಗ್ರಹಿಸಬಲ್ಲೆವು. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವನೂರ ಮಹಾದೇವ ಮೊದಲಾದ ಗೆಳೆಯರು ‘ಪಂಚಮ’ವನ್ನು ಹೊರತಂದದ್ದೂ ಇದೇ ಅಗತ್ಯದಿಂದ. ಈ ನಾಯಕರು ಬೇಡಿದ್ದು ಹೊಗಳಿಕೆಯನ್ನಲ್ಲ. ತಮ್ಮ ಮಾತನ್ನು ತಾವೇ ಬರೆಯುವ ಅವಕಾಶವನ್ನು. ಅದು ಸುಲಭವಾಗಿ ದೊರೆಯಲಿಲ್ಲ. 1996ರಲ್ಲಿ ಪತ್ರಕರ್ತ ಬಿ.ಎನ್. ಉನಿಯಾಲ್ ಅವರು ದೆಹಲಿಯ ಮಾನ್ಯತೆ ಪಡೆದ ಪತ್ರಕರ್ತರಲ್ಲಿ ಒಬ್ಬ ದಲಿತನನ್ನು ಅರಸಿ, ಯಾರೂ ಸಿಗಲಿಲ್ಲವೆಂದು ಬರೆದರು.

ಚಳವಳಿಯಲ್ಲಿ ದೋಷಗಳಿರಲಿಲ್ಲವೇ? ಇದ್ದವು. ಒಳಜಗಳಗಳಿಂದ ಸಂಘಟನೆ ಹೋಳಾಯಿತು; ಕೆಲವೊಮ್ಮೆ ಮಾತು ಹದ ತಪ್ಪಿತು. ಅನೇಕಾಂತವನ್ನು ಒಪ್ಪುವವರು ಇದನ್ನೂ ಹೇಳಬೇಕು. ಆದರೆ ನೊಂದವನ ಮಾತಿನ ಒರಟುತನವನ್ನು ಎತ್ತಿ ತೋರಿ, ನೋವಿನ ಕಾರಣವನ್ನು ಮರೆಮಾಡುವುದು ಅನೇಕಾಂತವಲ್ಲ.

2016ರಲ್ಲಿ ಮುನಿ ತರುಣಸಾಗರರು ಹರಿಯಾಣದ ವಿಧಾನಸಭೆಯಲ್ಲಿ ಪ್ರವಚನ ನೀಡಿದಾಗ ಚಿತ್ರರಂಗದ ಸಂಗೀತಗಾರರೊಬ್ಬರು ಅದನ್ನು ಗೇಲಿ ಮಾಡಿದ್ದು ನಮಗೆಲ್ಲ ನೆನಪಿದೆ. ಸಮಾಜ ನೊಂದಿತು, ಅವರು ಕ್ಷಮೆ ಕೇಳಿದರು, ಮುನಿಗಳು ಕ್ಷಮಿಸಿದರು. ಕೆಲವೇ ದಿನಗಳಲ್ಲಿ ನಮ್ಮ ನೋವಿಗೆ ಕಿವಿ ದೊರೆಯಿತು. ನಮ್ಮಲ್ಲಿ ವಿದ್ಯೆಯಿದೆ, ಧನವಿದೆ, ಪತ್ರಿಕೆಗಳಿಗೆ ಜಾಹೀರಾತು ಕೊಡುವ ಶಕ್ತಿಯಿದೆ. ಇವಾವುವೂ ಇಲ್ಲದವರು ಅದೇ ಕಿವಿಗಾಗಿ ತಲೆಮಾರುಗಳ ಕಾಲ ಹೋರಾಡಬೇಕಾಯಿತು.

ಆದುದರಿಂದ ಬಸದಿಗಳ ಟ್ರಸ್ಟುಗಳಲ್ಲಿಯೂ ಶ್ರಾವಕ ಬಂಧುಗಳಲ್ಲಿಯೂ ನನ್ನದೊಂದು ವಿನಂತಿ. ನಮ್ಮ ಸ್ಮರಣಸಂಚಿಕೆಗಳಲ್ಲಿ ಬಸದಿಯ ಅಂಗಳ ಗುಡಿಸುವವರ ಹೆಸರೂ ದಾನಿಗಳ ಹೆಸರಿನಂತೆ ಗೌರವವಾಚಕದೊಡನೆ ಅಚ್ಚಾಗಲಿ. ಪಂಚಕಲ್ಯಾಣದಂತಹ ಉತ್ಸವಗಳ ವಿಚಾರಗೋಷ್ಠಿಗಳಿಗೆ ದಲಿತ ಲೇಖಕರೂ ಆಹ್ವಾನಿತರಾಗಲಿ. ನಾವು ಜಾಹೀರಾತು ಕೊಡುವ ಪತ್ರಿಕೆ ಯಾರನ್ನಾದರೂ ಹೀನವಾಗಿ ಚಿತ್ರಿಸಿದರೆ ಸಂಪಾದಕರಿಗೆ ಒಂದು ಪತ್ರ ಬರೆಯೋಣ. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಸಕಲ ಜೀವಿಗಳ ಕ್ಷಮೆ ಬೇಡುತ್ತೇವೆ. ಓದಿ ನಕ್ಕ ಶೀರ್ಷಿಕೆಗಳಿಗೂ, ಕಂಡೂ ಸುಮ್ಮನಿದ್ದ ಚಿತ್ರಗಳಿಗೂ ಆ ದಿನ ಕ್ಷಮೆ ಬೇಡುವುದು ನಮ್ಮ ಲೆಕ್ಕದಲ್ಲಿ ಬಾಕಿಯಿದೆ.